ಕೆಂಡಕ್ಕೆ ಕಾಸಿದ ಕೈ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾವುದರಲ್ಲಿ ಬೇಗ, ಯಾವುದರಲ್ಲಿ ನಿಧಾನ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಇಂಥ ನಾನು ಕಳೆದ ಬೇಸಿಗೆಯಲ್ಲಿ, ಶಿರಸಿಯಲ್ಲಿ ನಾನೇ ಮುಂದೆ ನಿಂತು ಕಟ್ಟಿಸಿದ ಮನೆಯ ಒಂದು ಕಿಟಕಿಯನ್ನು ಎಂಟು ದಿನ ತೆರೆಯಲಾರದೆ ಹೋದೆ. ಚಿಲಕಕ್ಕೆ ತುಕ್ಕೇನೂ ಹಿಡಿದಿರಲಿಲ್ಲ. ಎರಡು ಬೆರಳಲ್ಲಿ ಎತ್ತಿದರೆ ಏಳುವಂಥದ್ದು.

ಕಿಟಕಿಯ ಆಚೆ, ಕೋಣೆಯೊಳಗೆ, ನಮ್ಮ ಕಡೆಯ ವಾಡಿಕೆಯಂತೆ ನಾನು 'ತಂಗೀ' ಎಂದೇ ಕರೆಯುವ ನನ್ನ ಮಗಳು ಬಾಣಂತಿಯಾಗಿ ಮಲಗಿದ್ದಳು. ಮಗ್ಗುಲಲ್ಲಿ ನಾಲ್ಕು ದಿನದ ಹೆಣ್ಣು ಕೂಸು. ವಜ್ರಳ್ಳಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ರೂಢಿ. ಅದು ಏಪ್ರಿಲ್ ಕೊನೆಗೇ ಆಗಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಹಾಗಾಯಿತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಮನೆಗೆ ಬಂದಾಗ ಅವಳು ಕೇಳಿದ ಮೊದಲ ಮಾತು, "ಅಪ್ಪಾ, ಈ ಕೋಣೆ ಎಂತಕ್ಕೆ ಇಷ್ಟು ಬಿಸಿ?"

ಮನೆಯ ಕತೆ ಹೇಳದೆ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಮೊದಲು ಇದೇ ಜಾಗದಲ್ಲಿ ಹಂಚಿನ ಮನೆ ಇತ್ತು. ಮಂಗಗಳು ಹಿಂಡು ಕಟ್ಟಿಕೊಂಡು ಬಂದು ಹಂಚು ಸರಿಸಿ, ಒಡೆದು ಹಾಕುತ್ತಿದ್ದವು. ಪ್ರತಿ ಮಳೆಗಾಲಕ್ಕೆ ಮುಂಚೆ ನಾನು ಮಾಡು ಹತ್ತಿ ಹಂಚು ಕೈಯಾಡಿಸಬೇಕಿತ್ತು. ಎಂಟು ವರ್ಷದ ಹಿಂದೆ ಸಿಟ್ಟು ನೆತ್ತಿಗೇರಿ ಹಂಚನ್ನೆಲ್ಲ ಇಳಿಸಿ ಸ್ಲ್ಯಾಬ್ ಹಾಕಿಸಿದೆ. ಮಂಗ ಈಗಲೂ ಬರುತ್ತದೆ. ಸ್ಲ್ಯಾಬಿನ ಮೇಲೆ ಆರಾಮಾಗಿ ಕೂತು ಹೇನು ಹೆಕ್ಕಿ ಹೋಗುತ್ತದೆ, ಏನನ್ನೂ ಒಡೆಯುವುದಿಲ್ಲ. ಗೆದ್ದೆ ಎಂದುಕೊಂಡಿದ್ದೆ. ಮೊದಲ ಬೇಸಿಗೆಯಲ್ಲೇ ಯಾರು ಗೆದ್ದದ್ದೆಂದು ಗೊತ್ತಾಯಿತು. ಪಡುವಣ ದಿಕ್ಕಿನ ಕೋಣೆ ಮಧ್ಯಾಹ್ನ ಕಾಯಲು ಹತ್ತಿದರೆ ಮರುದಿನ ಬೆಳಗಿನ ತನಕ ಆರುತ್ತಿರಲಿಲ್ಲ. ಬಚ್ಚಲು ಹೊಂದಿಕೊಂಡ ಕೋಣೆ ಅದೊಂದೇ ಆದ್ದರಿಂದ ಬಾಣಂತಿಗೆ ಅದನ್ನೇ ಕೊಟ್ಟಿದ್ದೆವು.

ಅದರ ಮೇಲೆ ಈಗಿನ ಬೇಸಿಗೆಯೂ ಬೇರೆ. ನಾನು ನೌಕರಿಗೆ ಸೇರಿದಾಗ ಶಿರಸಿಯಲ್ಲಿ ಫ್ಯಾನು ಎಂದರೆ ಷೋಕಿ. ಈಗ ಬೆಳಿಗ್ಗೆ ಸ್ನಾನ ಮಾಡಿ ಮೈ ಒರೆಸಿಕೊಂಡರೆ ಒರೆಸಿದ್ದು ನೀರೋ ಬೆವರೋ ತಿಳಿಯದು. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಗುಡುಗುತ್ತದೆ, ಗುಡುಗಿದ್ದೇ ನೆಪವಾಗಿ ಕರೆಂಟು ಹೋಗುತ್ತದೆ. ಮಳೆ ಮಾತ್ರ ಬರುವುದಿಲ್ಲ.

ಮಗಳು ಮನೆಗೆ ಬಂದ ದಿನವೇ ಅಕ್ಕ ಬಂದಳು. ನನ್ನ ಅಕ್ಕ ಸಿದ್ದಾಪುರ ತಾಲೂಕಿನ ತ್ಯಾಗಲಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಬಳಗದಲ್ಲಿ ಯಾರ ಮನೆಯ ಬಾಣಂತನಕ್ಕೂ ಅವಳೇ ಆಗಬೇಕು. ಬಸ್ಸಿಳಿದು ಬಂದವಳ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಒಣಶುಂಠಿ, ಕಾಳುಮೆಣಸು, ತುಪ್ಪದ ಡಬ್ಬಿ. ಇನ್ನೊಂದರಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಕಬ್ಬಿಣದ ಅಗ್ಗಿಷ್ಟಿಕೆ. ಮೊದಲಿನ ಚೀಲವನ್ನಷ್ಟೇ ನಾನು ಇಸಿದುಕೊಂಡೆ. ಮೂವತ್ತೊಂದು ವರ್ಷದ ಹಿಂದೆ ಅವಳು ಇದೇ ಅಗ್ಗಿಷ್ಟಿಕೆ ತಂದಿದ್ದಳು.

ಆಗ ನಮಗೆ ಮೊದಲ ಮಗು ಹುಟ್ಟಿತ್ತು, ಗಂಡು. ಆಷಾಢದ ಜಡಿಮಳೆ. ಹಂಚಿನ ಸಂದಿಯಿಂದ ಥಂಡಿ ಇಳಿಯುತ್ತಿತ್ತು. ಅಕ್ಕ ಬಾಣಂತಿ ಮಂಚದ ಕೆಳಗೆ ಕೆಂಡ ಇಟ್ಟು ಕಿಟಕಿ ಮುಚ್ಚಿದಳು. ನಾನೋ ಹೊಸದಾಗಿ ನೌಕರಿಗೆ ಸೇರಿದ ವಿಜ್ಞಾನದ ಮಾಸ್ತರ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಿಷಗಾಳಿಯಾಗುತ್ತದೆ ಎಂದು ಭಾಷಣ ಮಾಡಿ, ಅಗ್ಗಿಷ್ಟಿಕೆಯನ್ನು ಎತ್ತಿ ಅಂಗಳಕ್ಕೆ ತಂದಿಟ್ಟೆ. ಕಿಟಕಿ ತೆರೆದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂಬತ್ತನೆಯ ದಿನ ಮಗುವಿಗೆ ಶೀತವಾಯಿತು. ಹನ್ನೊಂದನೆಯ ದಿನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಆಸ್ಪತ್ರೆ ಮುಟ್ಟಿಸಿದೆವು, ಆದರೆ ಉಳಿಯಲಿಲ್ಲ. ಮರುದಿನ ನಾಮಕರಣವಿತ್ತು. ಆ ಮಗುವಿಗೆ ಹೆಸರೂ ಇಲ್ಲ.

ಇಷ್ಟು ಎಳೆಯ ಮಗುವಿಗೆ ಯಾವುದರಿಂದ ಬೇಕಾದರೂ ಆಗಬಹುದು ಎಂದು ಡಾಕ್ಟರು ಹೇಳಿದರು. ಅಕ್ಕ ಏನೂ ಅನ್ನಲಿಲ್ಲ. ಹೆಂಡತಿಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮೂರು ವರ್ಷದ ಮೇಲೆ ಮಗಳು ಹುಟ್ಟಿದಾಗ ಅಕ್ಕ ಮತ್ತೆ ಕೆಂಡ ಇಟ್ಟಳು. ನಾನು ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಈ ಬೇಸಿಗೆಯಲ್ಲಿ ನಾನು ಯಾವ ಬಾಯಲ್ಲಿ ಮಾತಾಡಲಿ? ಅಕ್ಕ ಕೋಣೆಗೆ ಬಂದವಳೇ ಫ್ಯಾನು ಆರಿಸಿದಳು, ಕಿಟಕಿ ಹಾಕಿದಳು, ಮೇಲಿನ ಗಾಳಿಕಿಂಡಿಗೆ ಹಳೇ ಬಟ್ಟೆ ತುರುಕಿದಳು. ಮಂಚದ ಕೆಳಗೆ ಅಗ್ಗಿಷ್ಟಿಕೆ ಬಂತು. ಮಗಳಿಗೆ ತಲೆ ಕಿವಿ ಮುಚ್ಚಿ ಸ್ಕಾರ್ಫು. ಊಟಕ್ಕೆ ಮೆಣಸಿನ ಸಾರು, ಶುಂಠಿ ಚಟ್ನಿ, ಕುಡಿಯಲು ಕಾಸಿದ ನೀರು, ಅದೂ ಅಳತೆಯಲ್ಲಿ. ಮಜ್ಜಿಗೆಯ ಹೆಸರೆತ್ತುವಂತಿಲ್ಲ. ಕೂಸಿಗೆ ಹತ್ತಿಯ ಬಟ್ಟೆಯ ಮೇಲೆ ಫ್ಲಾನೆಲ್, ಅದರ ಮೇಲೆ ಹಳೇ ಸೀರೆಯ ಮಡಿಕೆ. ಇನ್ನೊಂದು ಕಟ್ಟಳೆಯೂ ಇತ್ತು. ಕೂಸನ್ನು ಎತ್ತಿಕೊಳ್ಳುವವರು ಮೊದಲು ಅಗ್ಗಿಷ್ಟಿಕೆಯ ಮೇಲೆ ಕೈ ಕಾಸಿಕೊಳ್ಳಬೇಕು. ಹೊರಗಿಂದ ಬಂದ ತಣ್ಣನೆಯ ಕೈ ಹಸಿ ಮೈಗೆ ತಾಗಬಾರದು. ಆ ಸೆಕೆಯಲ್ಲಿ ಯಾರ ಕೈ ತಣ್ಣಗಿತ್ತೋ ದೇವರೇ ಬಲ್ಲ, ಆದರೂ ನಾವೆಲ್ಲ ಮೊಣಕಾಲೂರಿ ಕಾಸಿಕೊಳ್ಳುತ್ತಿದ್ದೆವು.

ಅಕ್ಕ ಬಂದ ಎರಡನೆಯ ದಿನ ಅಡುಗೆಮನೆಯಲ್ಲಿ ಹೆಂಡತಿಯ ಹತ್ತಿರ, "ಅಕ್ಕಂಗೆ ಒಂದ್ ಮಾತು ನೀ ಹೇಳಿ ನೋಡು" ಎಂದೆ.

ಅವಳು ಮಾವಿನಕಾಯಿ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. "ಆನು ಹೇಳ್ತಿಲ್ಲೆ. ನೀವೇ ಹೇಳಿ. ಆ ಸಲನೂ ನೀವೇ ಹೇಳಿದ್ದು."

ಕುಟುಕಬೇಕೆಂದು ಅವಳು ಹೇಳಿದ್ದಲ್ಲ. ಅಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಹೊರಗೆ ಬಂದು ಜಗಲಿಯಲ್ಲಿ ಕೂತೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಣೆಯ ಒಳಗೆ ನನ್ನ ಮಾತು ನಡೆಯದಿದ್ದರೆ ಕೋಣೆಯ ಮೇಲೆ ನಡೆಯಲಿ ಎಂದು ಮರುದಿನದಿಂದ ಸ್ಲ್ಯಾಬ್ ಹತ್ತಿದೆ. ಮೊದಲು ಸುಣ್ಣ ಬಳಿದೆ. ಆಮೇಲೆ ಪರಿಚಯದವರ ತೋಟದಿಂದ ಗೂಡ್ಸ್ ರಿಕ್ಷಾದಲ್ಲಿ ಅಡಿಕೆ ಸೋಗೆ ತರಿಸಿ ಹಾಸಿದೆ. ಅದರ ಮೇಲೆ ಗೋಣಿಚೀಲ. ಬಾವಿಯ ನೀರನ್ನು ಕೊಡಪಾನದಲ್ಲಿ ಹೊತ್ತು ತಂದು ಹನ್ನೊಂದು ಗಂಟೆಗೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಹೊಯ್ದೆ. ಮೊದಲ ಕೊಡ ಹೊಯ್ದಾಗ ಸ್ಲ್ಯಾಬು ಚುಂಯ್ ಎಂದಿತು. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ನೋಡಿ, "ಏನ್ ಮಾಸ್ತರ್ರೇ, ಎಂಟು ವರ್ಷದ ಸ್ಲ್ಯಾಬಿಗೆ ಈಗ ಕ್ಯೂರಿಂಗಾ?" ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ಒದ್ದೆ ಗೋಣಿಯಿಂದ ಕೋಣೆಯ ಬಿಸಿ ಸ್ವಲ್ಪ ಇಳಿಯಿತೋ ಏನೋ. ಇಳಿದದ್ದನ್ನು ಒಳಗಿನ ಕೆಂಡ ಮತ್ತೆ ಏರಿಸುತ್ತಿತ್ತು. ಮೇಲಿನಿಂದ ನಾನು ಆರಿಸುವುದು, ಕೆಳಗಿನಿಂದ ಅಕ್ಕ ಕಾಸುವುದು, ನಡುವೆ ನನ್ನ ಮಗಳು. ಬಾವಿಯಲ್ಲಿ ನೀರು ತಳ ಕಾಣತೊಡಗಿದಾಗ ಹೆಂಡತಿ ಹಗ್ಗವನ್ನೇ ಒಳಗೆ ತಂದಿಟ್ಟಳು.

ಕೂಸು ಹುಟ್ಟಿದ ಎಂಟನೆಯ ದಿನ ಮಧ್ಯಾಹ್ನ ಅಕ್ಕ ಬಟ್ಟೆ ಒಣಗಿಸಲು ಹೋಗಿದ್ದಾಗ ಮಗಳು ಬಾಗಿಲ ಸಂದಿಯಿಂದ ನನ್ನನ್ನು ಕರೆದಳು. ಮುಖವೆಲ್ಲ ಕೆಂಪೇರಿ, ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿತ್ತು. "ಅಪ್ಪಾ, ತಡ್ಕಂಬಲೆ ಆಗ್ತಿಲ್ಲೆ. ಕಿಟಕಿ ಒಂದ್ ಚೂರು ತೆಗಿ. ಅತ್ತೆ ಬಂದ ಕೂಡಲೇ ಹಾಕಿ ಬಿಡು."

ಅವಳಿಗೆ ಒಬ್ಬ ಅಣ್ಣ ಹುಟ್ಟಿ ಹೋದನೆಂದು ಗೊತ್ತು. ಕಿಟಕಿಯ ಸಂಗತಿ ಗೊತ್ತಿಲ್ಲ. ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಚಿಲಕದ ಮೇಲೆ ಬೆರಳಿಟ್ಟೆ. ಮಂಚದ ಮೇಲೆ ಕೂಸು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಬೆರಳು ಏಳಲಿಲ್ಲ.

"ಇನ್ನು ನಾಲ್ಕೈದು ದಿನ ತಂಗೀ, ನಾಮಕರಣ ಒಂದು ಆಗ್ಲಿ" ಎಂದೆ.

"ನಾಮಕರಣಕ್ಕೂ ಕಿಟಕಿಗೂ ಎಂತ ಸಂಬಂಧ ಅಪ್ಪಾ?" ಎಂದವಳು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೊರಬಂದು ಮತ್ತೊಂದು ಕೊಡ ನೀರಿಗಾಗಿ ಹಗ್ಗ ಹುಡುಕಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹನ್ನೊಂದನೆಯ ದಿನ ಬೆಳಗಿನಿಂದಲೇ ನಾನು ಆ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಮರುದಿನದ ನಾಮಕರಣಕ್ಕೆ ಭಟ್ಟರಿಗೆ ಹೇಳಿಯಾಗಿತ್ತು, ಅಳಿಯನ ಮನೆಯವರು ಬರುವವರಿದ್ದರು. ಹನ್ನೆರಡು ಗಂಟೆಗೆ ಮಗಳು ಒಳಗಿನಿಂದ ಕೂಗಿದಳು, "ಅತ್ತೇ, ಕೂಸು ಹಾಲು ಕುಡಿತಿಲ್ಲೆ." ಬೆಳಗಿನಿಂದ ಒಂದೇ ಸಲ ಉಚ್ಚೆ ಹೊಯ್ದಿತ್ತಂತೆ. ಅಳುವುದಕ್ಕೂ ಬೇಸರವಾದಂತೆ ಸುಮ್ಮನೆ ಬಿದ್ದುಕೊಂಡಿತ್ತು.

ಅಕ್ಕ ಅಗ್ಗಿಷ್ಟಿಕೆಯ ಮೇಲೆ ಕೈ ಕಾಸಿಕೊಂಡಳು. ಕೂಸಿನ ಪಾದ ಮುಟ್ಟಿದಳು, ಹಣೆ ಮುಟ್ಟಿದಳು. "ಮೈ ತಣ್ಣಗಾಜು. ಥಂಡಿ ಹೊಡದ್ದು. ಎಲ್ಲಿಂದಾರೂ ಗಾಳಿ ಬಂಜು." ಮೈ ತಣ್ಣಗಾಗಿದೆ, ಎಲ್ಲಿಂದಲೋ ಗಾಳಿ ನುಗ್ಗಿದೆ ಎಂದೇ ಅವಳ ಲೆಕ್ಕ. ಇನ್ನೊಂದು ಶಾಲು ಹೊದೆಸಿದಳು. "ತಮ್ಮಾ, ಇನ್ನೊಂದ್ ನಾಕು ಕೆಂಡ ತಗಂಡು ಬಾ."

ನಾನು ತಂದೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೆ ನಿಜ. ಒಲೆಯಿಂದ ಚಿಮಟಿಗೆಯಲ್ಲಿ ನಾಲ್ಕು ಕೆಂಡ ಹಿಡಿದು ತಂದು ಅಗ್ಗಿಷ್ಟಿಕೆಗೆ ಹಾಕಿದವನು ನಾನೇ.

ಆ ಹೊತ್ತಿಗೆ ನಮ್ಮ ಕೇರಿಯ ಆಶಾ ಕಾರ್ಯಕರ್ತೆ ಬಂದಳು. ಹುಟ್ಟಿದ ಮಗುವನ್ನು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. ಹಿಂದೆ ಎರಡು ಸಲ ಬಂದಾಗ ಅಕ್ಕ ಕೂಸನ್ನು ಜಗಲಿಗೇ ತಂದು ತೂಕ ಮಾಡಿಸಿ ಕಳಿಸಿದ್ದಳು. ಇವತ್ತು ಯಾರಿಗೂ ತಡೆಯುವ ತ್ರಾಣವಿರಲಿಲ್ಲ. ಕೋಣೆಗೆ ಕಾಲಿಟ್ಟವಳೇ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಸರ್, ಏನಿದು, ಒಳಗೆ ಒಲೆ ಹಚ್ಚಿಟ್ಟೀರಲ್ಲ!"

ಹೌದು, ಸರ್ ಎಂದಳು. ಅವಳು ನನ್ನ ವಿದ್ಯಾರ್ಥಿನಿ, ಎರಡನೇ ಬೆಂಚು. ಯಾರನ್ನೂ ಕೇಳದೆ ಶಾಲು ತೆಗೆದಳು, ಸೀರೆಯ ಮಡಿಕೆ ತೆಗೆದಳು, ಫ್ಲಾನೆಲ್ ಬಿಚ್ಚಿದಳು. ಕೂಸಿನ ಹೊಟ್ಟೆಯ ಮೇಲೆ, ಕತ್ತಿನ ಹಿಂದೆ ಕೈಯಿಟ್ಟಳು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ನನ್ನ ಕಡೆ ತಿರುಗಿಸಿದಳು. ನಾನು ಓದಿದೆ. ನೂರೆರಡು ದಾಟಿತ್ತು.

"ತಣ್ಣಗಿದ್ದು ಹೇಳಿ ಆನು ಮುಟ್ಟಿ ನೋಡಿದ್ನಲೇ..." ಎಂದಳು ಅಕ್ಕ.

"ಕೆಂಡಕ್ಕೆ ಕಾಸಿದ ಕೈಯಲ್ಲಿ ಮುಟ್ಟಿದ್ರೆ ತಣ್ಣಗೇ ಅನ್ನಿಸ್ತದೆ ಅಮ್ಮಾ" ಎಂದು ಅವಳು ನನ್ನ ಮುಖ ನೋಡಿದಳು. "ಸರ್, ಮೂರು ಬೋಗುಣಿ ನೀರು ಇಟ್ಟು ನೀವೇ ಮಾಡಿಸಿದ್ರಿ ನಮ್ಮ ಹತ್ರ. ನೆನಪಿಲ್ವಾ?"

ನೆನಪಿಲ್ಲದೆ ಏನು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವೆ ಉಗುರುಬೆಚ್ಚಗಿನದು. ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣೀರಲ್ಲಿ ಅದ್ದಿ, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಇಳಿಸಬೇಕು. ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಕೈಯನ್ನು ನಂಬಬೇಡಿ ಎಂದು ಮೂವತ್ತು ಬ್ಯಾಚಿಗೆ ಹೇಳಿದ್ದೆ. ಮನೆಯಲ್ಲಿ ಎಂಟು ದಿನ ನಾನೂ ಕೈ ಕಾಸಿಕೊಂಡು ಕೂಸನ್ನು ಮುಟ್ಟಿ, ಸರಿಯಿದೆ ಎಂದುಕೊಂಡಿದ್ದೆ.

ಆಶಾ ಕಾರ್ಯಕರ್ತೆಯೇ ಹೋಗಿ ಕಿಟಕಿ ತೆರೆದಳು. ಒಂದು ಕ್ಷಣದ ಕೆಲಸ. ಕೂಸನ್ನು ನಡುಮನೆಗೆ ತಂದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮಗಳ ಎದೆಗೆ ಕೊಟ್ಟಳು. ಕುಡಿಯಲಿಲ್ಲ. "ನಡೀರಿ ಆಸ್ಪತ್ರೆಗೆ, ತಡ ಮಾಡೋದು ಬೇಡ" ಎಂದು ರಿಕ್ಷಾ ಕರೆದಳು. ರಿಕ್ಷಾದಲ್ಲಿ ಮಗಳ ಪಕ್ಕದಲ್ಲಿ ಹೆಂಡತಿ ಕೂತಳು, ಆಚೆ ಬದಿಗೆ ಆಶಾ. ನನಗೆ ಜಾಗವಿರಲಿಲ್ಲ. ನಾನು ಹಿಂದಿನಿಂದ ಸ್ಕೂಟರಿನಲ್ಲಿ ಹೋದೆ. ಹನ್ನೊಂದನೆಯ ದಿನ, ಅದೇ ರಸ್ತೆ. ಆ ದಾರಿಯುದ್ದಕ್ಕೂ ನಾನು ಬೇಡಿಕೊಳ್ಳದೆ ಯಾವ ದೇವರನ್ನೂ ಬಿಟ್ಟಿಲ್ಲ.

ಸೆಕೆಗೆ ಮೈಯ ನೀರು ಇಂಗಿದೆ, ಬೇರೇನೂ ಕಾಣುವುದಿಲ್ಲ, ಆದರೂ ಎರಡು ದಿನ ಇರಲಿ ಎಂದರು ಡಾಕ್ಟರು. ಸಂಜೆ ನಾಲ್ಕಕ್ಕೆ ಕೂಸು ಹಾಲಿಗೆ ಬಾಯಿ ಹಾಕಿತು. ಹೆಂಡತಿ ವಾರ್ಡಿನಿಂದ ಹೊರಗೆ ಬಂದು ಅದನ್ನು ನನಗೆ ಹೇಳಿ, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಮೂವತ್ತೊಂದು ವರ್ಷದ ಹಿಂದೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ನೋಡಲಾರದೆ ಎದ್ದು ಹೋಗಿದ್ದೆ. ಈ ಸಲ ಪಕ್ಕದಲ್ಲಿ ಕೂತೆ.

ನಾಮಕರಣ ಮುಂದೆ ಹೋಯಿತು. ಮೂರನೆಯ ದಿನ ಎಲ್ಲರೂ ಮನೆಗೆ ಬಂದಾಗ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿಕಿಂಡಿಯ ಬಟ್ಟೆ ಹೋಗಿತ್ತು. ಅಗ್ಗಿಷ್ಟಿಕೆಯನ್ನು ಅಕ್ಕ ತಿಕ್ಕಿ ತೊಳೆದು ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. ಆ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅವಳು ನನಗೊಂದು ಲೋಟ ಅಪ್ಪೆಹುಳಿ ತಂದುಕೊಟ್ಟು ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಹುಳಿಮಾವಿನ ಆ ನೀರುಸಾರು ಸೆಕೆಗೆ ನಮ್ಮಲ್ಲಿ ದಿನಾ ಆಗುವಂಥದ್ದೇ.

"ತಮ್ಮಾ, ನಿಂಗೆ ಗೊತ್ತಿತ್ತಲ್ದ? ಎಂತಕ್ಕೆ ಒಂದ್ ಮಾತೂ ಹೇಳಿದ್ದಿಲ್ಲೆ?"

"ಹೇಳಿದ್ರೆ ನೀ ಕೇಳ್ತಿದ್ಯ?"

"ಕೇಳ್ತಿದ್ದೆ" ಎಂದಳು ಅಕ್ಕ. "ಮೂರನೇ ದಿನಕ್ಕೇ ಯಂಗೆ ಆ ಕೋಣೇಲಿ ಕೂತ್ಕಂಬಲೆ ಆಗ್ತಿತ್ತಿಲ್ಲೆ. ನೀ ಬಂದು ತೆಗಿತೆ, ನೀ ಬಂದು ತೆಗಿತೆ ಹೇಳಿ ನೋಡ್ತಾ ಇದ್ದಿದ್ದೆ. ಆನೇ ತೆಗೆದು, ಮತ್ತೆ ಹಂಗೇ ಆಗಿದ್ರೆ?" ಸೆರಗಿನಿಂದ ಮುಖ ಒರೆಸಿಕೊಂಡಳು. "ಹೆದ್ರಿಕೆ ಆಗಿತ್ತು ತಮ್ಮಾ."

ಅಂದರೆ ಎಂಟು ದಿನ ಆ ಬಾಗಿಲಿನ ಒಳಗೆ ಅವಳು, ಹೊರಗೆ ನಾನು, ಇಬ್ಬರೂ ಒಂದೇ ಮಗುವನ್ನು ನೆನೆದು ಇನ್ನೊಂದನ್ನು ಬೇಯಿಸುತ್ತಿದ್ದೆವು. ಅವಳಿಗೆ ಹೆದರಿಕೆ ಎಂಬುದೊಂದಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವತ್ತು ಬಾಯಿ ತೆರೆದಿತ್ತು, ಇನ್ನು ಮುಚ್ಚಿದರೆ ಮತ್ತೆ ಮೂವತ್ತು ವರ್ಷ ಎಂದುಕೊಂಡು ಕೇಳಿಯೇಬಿಟ್ಟೆ.

"ಅಕ್ಕಾ, ಅಂದು ಕೆಂಡ ಇದ್ದಿದ್ರೆ ಆ ಮಾಣಿ ಉಳೀತಿತ್ತ?"

ಇಲ್ಲ ಎನ್ನುತ್ತಾಳೆಂದೇ ಕೇಳಿದ್ದೆ. ಇಲ್ಲ ಎನ್ನಲಿ ಎಂದೇ ಕೇಳಿದ್ದೆ. ಅಕ್ಕ ಕೈಚಾಚಿ, ಬೋರಲು ಬಿದ್ದ ಅಗ್ಗಿಷ್ಟಿಕೆಯ ತಳದ ಮಸಿಯನ್ನು ಉಗುರಿನಿಂದ ಕೆರೆದಳು.

"ಯಂಗೆ ಗೊತ್ತಿಲ್ಲೆ ತಮ್ಮಾ" ಎಂದಳು.

ನಾನು ಅಪ್ಪೆಹುಳಿ ಕುಡಿದೆ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ತಿಂಗಳು ಕಳೆದು ಅಕ್ಕ ಹೊರಟಾಗ ಅಗ್ಗಿಷ್ಟಿಕೆಯನ್ನು ಒಯ್ಯಲಿಲ್ಲ. "ಮಳೆಗಾಲಕ್ಕೆ ಬೇಕಾದ್ರೆ ಇರ್ಲಿ, ಬ್ಯಾಡದಿದ್ರೆ ಗುಜರಿಗೆ ಹಾಕು" ಎಂದಳು. ಬೇಕೋ ಬೇಡವೋ ಎಂಬುದನ್ನು ನನ್ನ ತಲೆಗೆ ಕಟ್ಟಿ ಬಸ್ಸು ಹತ್ತಿದಳು.

ಜೂನ್ ಎರಡನೇ ವಾರ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಗುಡುಗಿ ಮೋಸ ಮಾಡುವ ಮಳೆಯಲ್ಲ, ನಿಂತು ಹೊಯ್ಯುವ ಮಳೆ. ಊರಿಗೆ ಊರೇ ಉಸಿರು ಬಿಟ್ಟಿರಬೇಕು. ನಾನು ಮಾತ್ರ ಓಡಿಹೋಗಿ ಮಗಳ ಕೋಣೆಯ ಕಿಟಕಿಯ ಮುಂದೆ ನಿಂತೆ. ಗಾಳಿ ತಣ್ಣಗೆ ಒಳಗೆ ನುಗ್ಗುತ್ತಿತ್ತು. ಹಾಕಲೇ? ಹಾಕಿದರೆ ಮತ್ತೆ ಆ ಸೆಕೆ. ಬಿಡಲೇ? ಚಿಲಕದ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದೆ. ಅಂಗಿಯ ತೋಳು ಒದ್ದೆಯಾಯಿತು.

"ಅಪ್ಪಾ, ಎರಚಲು ಬತ್ತಾ ಇದ್ದು ಕಾಣ್ತಿಲ್ಯ?" ಮಗಳು ಎದ್ದುಬಂದು ನನ್ನ ಕೈ ಸರಿಸಿ, ಕಿಟಕಿಯ ಒಂದು ಪಡಿ ಮುಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟಳು. ಅಷ್ಟೇ. ಅದಕ್ಕೆ ಅವಳು ಯೋಚನೆಯನ್ನೂ ಮಾಡಲಿಲ್ಲ. ಆಮೇಲೆ ಕೂಸನ್ನು ಎತ್ತಿ ನನ್ನ ತೋಳಿಗೆ ಕೊಟ್ಟು, "ಕತ್ತಿನ ಹಿಂದೆ ಮುಟ್ಟಿ ನೋಡು, ಬೆಚ್ಚಗಿದ್ದ ಹೇಳಿ. ಆನು ಬಟ್ಟೆ ತಗಂಡು ಬತ್ತೆ" ಎಂದು ಹೊರಗೆ ಓಡಿದಳು.

ಮುಟ್ಟಿದೆ. ಬಿಸಿ ಅನ್ನಿಸಿತು. ಮತ್ತೊಮ್ಮೆ ಮುಟ್ಟಿದೆ, ಬಿಸಿಯೇ. ಆಮೇಲೆ ನೋಡಿದರೆ ನನ್ನ ಕೈ ಮಳೆನೀರಿಗೆ ಒದ್ದೆಯಾಗಿ ಮಂಜಿನಂತೆ ತಣ್ಣಗಾಗಿತ್ತು. ಈ ಕೈಗೆ ಯಾವುದು ಬಿಸಿಯಲ್ಲ? ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಬಾಗಿಲ ಕಡೆ ಮುಖ ಮಾಡಿ ಮಗಳನ್ನು ಕೂಗಿದೆ.

"ತಂಗೀ, ಯಂಗೆ ಗೊತ್ತಾಗ್ತಿಲ್ಲೆ. ನೀನೇ ಬಂದು ಮುಟ್ಟಿ ನೋಡು."